ಇಲ್ಲಿ ಎಲ್ಲರೂ ವೈಸ್ ಪ್ರೆಸಿಡೆಂಟರೇ

ನಮ್ಮ ಬ್ಯಾಚಿನ ಮೂವತ್ತೈದನೇ ವರ್ಷದ ಸ್ಮರಣ ಸಂಚಿಕೆಗೆ ಬಂದಿರುವ ಬರಹಗಳನ್ನು ನಂಬುವುದಾದರೆ, 1990ರಲ್ಲಿ ಬಿ.ಇ. ಮುಗಿಸಿ ಹೊರಬಿದ್ದ ನಮ್ಮಲ್ಲಿ ಒಬ್ಬನೂ ಕೆಲಸ ಕಳೆದುಕೊಂಡಿಲ್ಲ. ಯಾರ ಮಗನೂ ಪಿಯುಸಿಯಲ್ಲಿ ನಪಾಸಾಗಿಲ್ಲ. ಯಾರ ಸಂಸಾರವೂ ಫ್ಯಾಮಿಲಿ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಅಣ್ಣತಮ್ಮಂದಿರ ನಡುವೆ ಸೈಟಿನ ವ್ಯಾಜ್ಯವಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ, ಮೈಯಲ್ಲಿ ಶುಗರಿಲ್ಲ, ಬಿ.ಪಿ. ಇಲ್ಲ. ಕೂದಲೂ ಇಲ್ಲ, ಆದರೆ ಅದನ್ನು ಯಾರೂ ಬರೆದಿಲ್ಲ, ಫೋಟೋ ಹೇಳಿಬಿಟ್ಟಿದೆ. ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಅರ್ಧ ತರಗತಿ ಡುಮ್ಕಿ ಹೊಡೆದ ಬ್ಯಾಚು ಬದುಕಿನಲ್ಲಿ ಮಾತ್ರ ನೂರಕ್ಕೆ ನೂರು ಪಾಸಾಗಿರುವುದು ಸಾಮಾನ್ಯ ಸಾಧನೆಯಲ್ಲ.

ಸಂಚಿಕೆಯ ಸಂಪಾದಕತ್ವವನ್ನು ನನ್ನ ತಲೆಗೆ ಕಟ್ಟಿದ್ದು “ನೀನು ಪೇಪರಿಗೆಲ್ಲ ಬರೀತೀಯಲ್ಲ ಗುರೂ, ನಿಂಗೇನು ಕಷ್ಟ” ಎಂಬ ಒಂದೇ ಕಾರಣಕ್ಕೆ. ಒಂದು ಫಾರಂ ಮಾಡಿ ಎಲ್ಲರಿಗೂ ಕಳಿಸಿದೆವು: ಹೆಸರು, ಬ್ರಾಂಚು, ಈಗಿನ ಊರು, ಉದ್ಯೋಗ, ಮನೆಯವರು, ಮಕ್ಕಳು, ಕೊನೆಗೆ ‘ನಿಮ್ಮ ಬಗ್ಗೆ ಅರವತ್ತು ಪದಗಳಲ್ಲಿ’. ಅರವತ್ತು ಪದ ಅಂದರೆ ಒಬ್ಬರನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ. ಮುನ್ನೂರು ಬರೆದರು, ನಾನೂರು ಬರೆದರು, ಒಬ್ಬ ಪವರ್‌ಪಾಯಿಂಟ್ ಕಳಿಸಿದ. ಒಂದನ್ನು ಬಿಟ್ಟರೆ ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಪ್ರಥಮ ಪುರುಷದಲ್ಲಿ. ತನ್ನ ಬಗ್ಗೆ ತಾನೇ ‘ಅವರೊಬ್ಬ ದೂರದೃಷ್ಟಿಯ ನಾಯಕರು’ ಎಂದು ಬರೆದುಕೊಂಡವನು ನಮ್ಮ ಹಾಸ್ಟೆಲಿನಲ್ಲಿ ಮೆಸ್ ಬಿಲ್ ಕಟ್ಟುವ ದಿನ ಯಾವ ದಿಕ್ಕಿನಲ್ಲಿ ಮಾಯವಾಗಬೇಕೆಂಬ ವಿಷಯದಲ್ಲಿ ನಿಜಕ್ಕೂ ದೂರದೃಷ್ಟಿ ಉಳ್ಳವನಾಗಿದ್ದ.

ಇನ್ನೊಂದು ಚೋದ್ಯ. ಬೇರೆ ಬೇರೆ ದೇಶಗಳಲ್ಲಿರುವ ನಾಲ್ವರ ಬರಹಗಳಲ್ಲಿ ಒಂದೇ ವಾಕ್ಯ, ಅಕ್ಷರ ಕೂಡ ಆಚೀಚೆಯಾಗದೆ ಇತ್ತು: ತಂತ್ರಜ್ಞಾನ ಮತ್ತು ಮಾನವೀಯತೆಯ ಸಂಗಮದಲ್ಲಿ ತಾವು ಕೆಲಸ ಮಾಡುತ್ತಿರುವುದಾಗಿ. ಚಾಟ್‌ಜಿಪಿಟಿ ಕೃಪೆ. ಬೇಸರವೇನೂ ಆಗಲಿಲ್ಲ. ಇದೇ ನಾಲ್ವರು ನಾಲ್ಕು ವರ್ಷ ತಮ್ಮ ಲ್ಯಾಬ್ ರೆಕಾರ್ಡನ್ನು ಒಬ್ಬಳೇ ಹುಡುಗಿಯ ಪುಸ್ತಕದಿಂದ ಇಳಿಸಿಕೊಂಡವರು, ಅವಳು ತಪ್ಪಾಗಿ ಬರೆದಿದ್ದ ತಾರೀಖಿನ ಸಮೇತ. ಕಾಪಿ ಹೊಡೆಯುವ ಮೂಲ ಬದಲಾಗಿದೆ, ಅಷ್ಟೆ. ಆ ಹುಡುಗಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐವತ್ತೇಳು ದಾಟಿದವರು ಬರೆದ ಈ ಬರಹಗಳು ಪತ್ರಿಕೆಯ ವಧು-ವರರ ಅಂಕಣದ ಹಾಗೆ ಓದಿಸಿಕೊಳ್ಳುತ್ತವೆ. ಗೋತ್ರ ಮತ್ತು ನಕ್ಷತ್ರ ಮಾತ್ರ ಹಾಕಿಲ್ಲ. ಹುದ್ದೆ ಮೊದಲು, ಕಂಪನಿ ಆಮೇಲೆ, ಊರು, ಸ್ವಂತ ಮನೆ, ಮಕ್ಕಳ ವಿದ್ಯಾಭ್ಯಾಸ. ಯಾರನ್ನು ಒಪ್ಪಿಸಬೇಕಾಗಿದೆ ಇವರಿಗೆ? ಅಂದು ಪರೀಕ್ಷೆಯ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಾಗ ತನ್ನ ನಂಬರಿಗಿಂತ ಮೊದಲು ಪಕ್ಕದವನ ನಂಬರು ನೋಡಿದ ಆ ಕಣ್ಣು ಇನ್ನೂ ಹಾಗೇ ಇದೆ. ಸಂಚಿಕೆಯ ಕರಡು ಪ್ರತಿ ಕಳಿಸಿದ ದಿನ ಬಂದ ಫೋನುಗಳಲ್ಲಿ ತನ್ನ ಪುಟದ ಅಚ್ಚಿನ ತಪ್ಪು ಹೇಳಿದವರು ಕಡಿಮೆ. “ಅವನಿಗೆ ಒಂದೂವರೆ ಪುಟ ಯಾಕೋ ಕೊಟ್ಟೆ?” ಎಂದು ಕೇಳಿದವರೇ ಬಹಳ.

ವೈಸ್ ಪ್ರೆಸಿಡೆಂಟರ ಲೆಕ್ಕ ತೆಗೆಯಲು ಹೋಗಿ ಅರ್ಧಕ್ಕೇ ಬಿಟ್ಟೆ. ಸೀನಿಯರ್ ವೈಸ್ ಪ್ರೆಸಿಡೆಂಟು, ಅಸೋಸಿಯೇಟ್ ವೈಸ್ ಪ್ರೆಸಿಡೆಂಟು, ಎಕ್ಸಿಕ್ಯುಟಿವ್ ವೈಸ್ ಪ್ರೆಸಿಡೆಂಟು. ದೊಡ್ಡ ಅಮೆರಿಕನ್ ಬ್ಯಾಂಕುಗಳಲ್ಲಿ ಒಂದೊಂದು ಮಹಡಿಗೆ ಇಂಥವರು ಹತ್ತಾರು ಮಂದಿ ಇರುತ್ತಾರೆ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದರೆ ಚನ್ನರಾಯಪಟ್ಟಣದಲ್ಲಿರುವ ಸೋದರಮಾವನಿಗೆ ಗೊತ್ತಿಲ್ಲ. ಅವರ ಪ್ರಕಾರ ಪ್ರೆಸಿಡೆಂಟ್ ತೀರಿಕೊಂಡರೆ ಇವನದೇ ಪಟ್ಟ. ಇನ್ನು ಐವತ್ತರ ಆಸುಪಾಸಿನಲ್ಲಿ ಕಂಪನಿಯವರು ಕೈಗೆ ಚೀಟಿ ಕೊಟ್ಟು ಕಳಿಸಿದವರೂ ನಮ್ಮಲ್ಲಿ ಕೆಲವರಿದ್ದಾರೆ. ಅವರೆಲ್ಲ ಈಗ ಕನ್ಸಲ್ಟೆಂಟರು ಮತ್ತು ಸ್ಟಾರ್ಟಪ್‌ಗಳ ಮೆಂಟರುಗಳು. ನಮ್ಮ ಬ್ಯಾಚಿನ ಮೆಂಟರುಗಳಿಗೆಲ್ಲ ತಲೆಗೊಂದರಂತೆ ಹಂಚಬೇಕಾದರೆ ಬೆಂಗಳೂರಿನಲ್ಲಿ ಇನ್ನೂ ಒಂದಿಷ್ಟು ಸ್ಟಾರ್ಟಪ್‌ಗಳನ್ನು ತುರ್ತಾಗಿ ತೆರೆಯಬೇಕಾಗುತ್ತದೆ.

ಕಾಲ ಎಂಥ ತಮಾಷೆ ಮಾಡುತ್ತದೆ ನೋಡಿ. 1990ರಲ್ಲಿ ನಮ್ಮೆಲ್ಲರ ಹೊಟ್ಟೆಕಿಚ್ಚಿಗೆ ಗುರಿಯಾದವರು ಜಿಆರ್‌ಇ ಬರೆದು ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿನ ಮುಂದೆ ನಸುಕಿಗೇ ಸಾಲು ನಿಂತವರಲ್ಲ. ಎಚ್‌ಎಂಟಿ, ಐಟಿಐ, ಎನ್‌ಜಿಇಎಫ್ ಸೇರಿದವರು. ಕ್ವಾರ್ಟರ್ಸು, ಕಂಪನಿ ಬಸ್ಸು, ಪುಡಿಗಾಸಿಗೆ ಕ್ಯಾಂಟೀನ್ ಊಟ, ಪಿ.ಎಫ್., ಗ್ರಾಚ್ಯುಟಿ. ಹೆಣ್ಣು ಹೆತ್ತವರು ಜಾತಕ ಹಿಡಿದು ಇವರ ಮನೆಯ ಜಗಲಿಯಲ್ಲೇ ಕೂತಿರುತ್ತಿದ್ದರು. ಆಗ ಇನ್ಫೋಸಿಸ್ಸಿನಿಂದ ಕೆಲಸದ ಕಾಗದ ಬಂದಾಗ “ಪ್ರೈವೇಟು, ಯಾವಾಗ ಮುಚ್ತಾರೋ” ಎಂದು ಅಪ್ಪಂದಿರು ಹರಿದು ಹಾಕಿದರು. ಪ್ರತಿ ಬ್ಯಾಚಿನಲ್ಲೂ ಹೀಗೆ ಕಾಗದ ಹರಿಸಿಕೊಂಡವನೊಬ್ಬ ಇರುತ್ತಾನೆ. 1993ರಲ್ಲಿ 95 ರೂಪಾಯಿಗೆ ಬಿಟ್ಟ ಇನ್ಫೋಸಿಸ್ ಷೇರನ್ನು ಬೇಡವೆಂದವನೂ ಒಬ್ಬ ಇರುತ್ತಾನೆ. ಎರಡೂ ಒಬ್ಬನೇ ಆಗಿದ್ದರೆ ಆತನ ಪಕ್ಕದಲ್ಲಿ ಊಟಕ್ಕೆ ಕೂರಬೇಡಿ.

ನಮ್ಮ ಮೆಕ್ಯಾನಿಕಲ್ಲಿನ ಗೆಳೆಯನೊಬ್ಬ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಸೇರಿದ. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿ ದೇಶದ ಬಾಗಿಲು ತೆರೆದರು. ಮುಂದೆ ಎನ್‌ಜಿಇಎಫ್ ಬೀಗ ಹಾಕಿಕೊಂಡಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಜಾಗ ಇಸ್ರೋ ಪಾಲಾಯಿತು. ಗೆಳೆಯ ವಿಆರ್‌ಎಸ್ ತಗೊಂಡು ಬೈಕು ಬಿಡಿಭಾಗಗಳ ಅಂಗಡಿ ಇಟ್ಟ. ಈಗಿನ ಸಂಗತಿ ಕೇಳಿ. ಡಲ್ಲಾಸಿನಲ್ಲಿರುವ ಬ್ಯಾಚ್‌ಮೇಟ್ ತನ್ನ ಬರಹದಲ್ಲಿ ಹವ್ಯಾಸದ ಕೆಳಗೆ ‘ಹಳೆಯ ಎಚ್‌ಎಂಟಿ ಜನತಾ, ಪೈಲಟ್ ವಾಚುಗಳ ಸಂಗ್ರಹ’ ಎಂದು ಬರೆದು, ಒಂದೊಂದಕ್ಕೆ ಎಷ್ಟು ಡಾಲರ್ ತೆತ್ತೆನೆಂದೂ ಸೂಚಿಸಿದ್ದಾನೆ. ಅವನ್ನು ಜೋಡಿಸಿದ ಕೈಗಳ ಪೈಕಿ ಒಂದು ಜೊತೆ ಇದೇ ಸಂಚಿಕೆಯ ಮುಂದಿನ ಪುಟದಲ್ಲಿದೆ. ಅಲ್ಲಿ ಬರೆದಿರುವುದು ಇಷ್ಟೆ: ‘ಸ್ವಂತ ವ್ಯಾಪಾರ. ತುಮಕೂರು.’

ಅಮೆರಿಕಕ್ಕೆ ಹೋದವರಾದರೂ ಹೇಗೆ ಹೋದರು? ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು, ಸಿಮೆಂಟಿನ ಬಗ್ಗೆ ಕೇಳಿದರೆ ಕೊಬಾಲ್ ಬಗ್ಗೆ ಮಾತಾಡುವ ಸ್ಥಿತಿಗೆ ಮೂರೇ ತಿಂಗಳಲ್ಲಿ ಬಂದರು. 2000ನೇ ಇಸವಿ ಕಾಲಿಟ್ಟರೆ ಕಂಪ್ಯೂಟರುಗಳೆಲ್ಲ ಕಂಗಾಲಾಗುತ್ತವೆಂಬ ಭಯ ಜಗತ್ತಿಗೆ ಹತ್ತಿತ್ತಲ್ಲ, ಆ ಭಯ ನಮ್ಮ ಬ್ಯಾಚಿಗೆ ವರವಾಯಿತು. ಎಚ್-1ಬಿ ವೀಸಾದ ವಾರ್ಷಿಕ ಮಿತಿಯನ್ನು ಅಮೆರಿಕ 65,000ದಿಂದ ಏರಿಸುತ್ತ ಏರಿಸುತ್ತ 2001ರಿಂದ ಮೂರು ವರ್ಷ 1,95,000ಕ್ಕೆ ಒಯ್ದಿತ್ತು. ಬಾಗಿಲು ಅಷ್ಟಗಲ ತೆರೆದಿದ್ದಾಗ ಒಳಹೊಕ್ಕವರು ಈಗ ಸಂಚಿಕೆಯಲ್ಲಿ ಕಿರಿಯರಿಗೆ ಕಿವಿಮಾತು ಬರೆದಿದ್ದಾರೆ: ಪರಿಶ್ರಮ, ಶಿಸ್ತು, ಗುರಿ. ಬಾಗಿಲಿನ ಸುದ್ದಿಯೇ ಇಲ್ಲ. ಈಗ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಆಜ್ಞೆ ಹೊರಡಿಸಿದ ಮೇಲೆ, ನಮ್ಮವರ ಕಿವಿಮಾತಿಗೆ ಪರಿಶ್ರಮದ ಜೊತೆ ಒಂದು ಲಕ್ಷ ಡಾಲರನ್ನೂ ಸೇರಿಸಬಹುದು.

ಹಾಗಂತ ಇಲ್ಲೇ ಉಳಿದು ಗೆದ್ದವರಿಲ್ಲವೇ? ಇದ್ದಾರೆ. ನಮ್ಮ ಮೂವತ್ತೈದನೇ ವರ್ಷದ ಸಮಾರಂಭದ ಮುಖ್ಯ ಅತಿಥಿಯೇ ಅಂಥವನು. ಡೊನೇಷನ್ ಪಡೆಯುವುದನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 1984ರಲ್ಲೇ ಕಾಯ್ದೆ ಮಾಡಿತ್ತು. 1986ರಲ್ಲಿ ನಮ್ಮ ಜೊತೆ ಸೇರಿದ ಈ ಮಹಾನುಭಾವನ ಅಪ್ಪ ಕಾಯ್ದೆಯನ್ನು ಓದಿರಲಿಲ್ಲ, ಆಡಳಿತ ಮಂಡಳಿಯವರೂ ಓದಿರಲಿಲ್ಲ. ಸಿಇಟಿ ಬಂದದ್ದು 1994ರಲ್ಲಿ. ಅಲ್ಲಿಯವರೆಗೆ ಸೂಟ್‌ಕೇಸೇ ಅರ್ಹತಾ ಪರೀಕ್ಷೆ. ನಾಲ್ಕು ವರ್ಷದ ಕೋರ್ಸನ್ನು ಅವಸರವಿಲ್ಲದೆ ಓದಿದ, ಕ್ಯಾರಿ ಓವರ್ ಪೇಪರುಗಳನ್ನು ಮಗುವಿನಂತೆ ಎತ್ತಿಕೊಂಡು ಓಡಾಡಿದ. ಈಗ ಅವನ ಹೆಸರಿನಲ್ಲೊಂದು ಎಂಜಿನಿಯರಿಂಗ್ ಕಾಲೇಜಿದೆ, ಹೆಸರಿನ ಹಿಂದೆ ‘ಡಾ.’ ಇದೆ, ಮುಂದೆ ಮಂತ್ರಿಗಿರಿ ಬರುವ ಲಕ್ಷಣವೂ ಇದೆ. ಅವನ ಬರಹ ಎರಡು ಪುಟ. ಅದರಲ್ಲಿ ಒಂದು ಮಾತು: ‘ಇಂದಿನ ಶಿಕ್ಷಣದಲ್ಲಿ ಮೆರಿಟ್‌ಗೆ ಬೆಲೆಯಿಲ್ಲದಂತಾಗಿದೆ.’ ಅನುಭವದ ಮಾತು, ಎದುರಾಡುವಂತಿಲ್ಲ. ನಮ್ಮ ಬ್ಯಾಚಿನ ರ‍್ಯಾಂಕ್ ಹುಡುಗ ಅವನ ಕಾಲೇಜಿನಲ್ಲೇ ಪ್ರೊಫೆಸರು. ಸಂಬಳ ಎರಡು ತಿಂಗಳು ಬಾಕಿ ಎಂಬುದನ್ನು ಅವನು ಅರವತ್ತು ಪದಗಳಲ್ಲಿ ಬರೆಯಲಿಲ್ಲ. ಊಟದ ಹೊತ್ತಿಗೆ ಕಿವಿಯಲ್ಲಿ ಹೇಳಿದ.

ಇನ್ನು ರೈತರು. ಇಷ್ಟೊಂದು ಜನ ಕೃಷಿಕರು ನಮ್ಮ ಬ್ಯಾಚಿನಲ್ಲಿ ಹುಟ್ಟಿಕೊಂಡದ್ದನ್ನು ಕಂಡು ಮೊದಲು ನಾನೂ ಸಂತೋಷಪಟ್ಟೆ. ಕನಕಪುರದ ಕಡೆ, ಚಿಕ್ಕಬಳ್ಳಾಪುರದ ಕಡೆ, ಎಚ್.ಡಿ. ಕೋಟೆಯ ಕಡೆ, ಸಹಜ ಕೃಷಿ, ದೇಸಿ ಹಸು, ಜೀವಾಮೃತ, ಮಣ್ಣಿನ ಮನೆ. ಇದಕ್ಕೂ ಒಂದು ತಾರೀಖಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಕಲಮಿನ ಪ್ರಕಾರ ಕೃಷಿಯೇತರ ಆದಾಯ ವರ್ಷಕ್ಕೆ ಇಂತಿಷ್ಟು ದಾಟಿದವರು ಹೊಲ ಕೊಳ್ಳುವಂತಿರಲಿಲ್ಲ. 2 ಲಕ್ಷವಿದ್ದ ಆ ಮಿತಿಯನ್ನು 2015ರಲ್ಲಿ 25 ಲಕ್ಷ ಮಾಡಿದರು. 2020ರಲ್ಲಿ 79ಎ, 79ಬಿ ಎರಡನ್ನೂ ಕಿತ್ತೇ ಹಾಕಿದರು. ಮಣ್ಣಿನ ಕರೆ ನಮ್ಮವರ ಕಿವಿಗೆ ಬಿದ್ದದ್ದು ಸರಿಯಾಗಿ ಆ ವರ್ಷವೇ. ಅಮೆರಿಕದ ಪೌರರಾದವರಿಗೆ ಕರೆ ಬಿದ್ದರೂ ಪ್ರಯೋಜನವಿಲ್ಲ, ಓಸಿಐ ಕಾರ್ಡಿನವರು ಕೃಷಿ ಭೂಮಿ ಕೊಳ್ಳುವಂತಿಲ್ಲ. ಅವರ ತೋಟಗಳು ಭಾಮೈದನ ಹೆಸರಿನಲ್ಲಿ ಫಲ ಕೊಡುತ್ತವೆ. ಫಲ ಯಾರ ಮನೆಗೆ ಹೋಗುತ್ತದೆ ಎಂಬುದು ಇನ್ನೊಂದು ಸ್ಮರಣ ಸಂಚಿಕೆಯ ವಿಷಯ. ಅದೇ ಹೊಲವನ್ನು ಮಾರಿದ ರೈತನ ಮಗ ಅಲ್ಲೇ ವಾಚ್‌ಮನ್. ಫೋಟೋದಲ್ಲಿ ಹಸುವಿನ ಹಗ್ಗ ಹಿಡಿದು ಅರ್ಧ ಕಾಣುತ್ತಿದ್ದಾನೆ; ಪುಟ ಕಟ್ಟುವಾಗ ಅವನನ್ನು ಕತ್ತರಿಸಿ ಎಂದು ನಮಗೆ ಸೂಚನೆ ಬಂದಿತ್ತು. ಹಸುವನ್ನು ಬಿಟ್ಟು ಹಗ್ಗವನ್ನೊಂದೇ ಕತ್ತರಿಸಲು ಆಗಲಿಲ್ಲವಾದ್ದರಿಂದ ಆತ ಉಳಿದುಕೊಂಡ.

ಅಷ್ಟೂ ಬರಹಗಳನ್ನು ತಿದ್ದಿ ಮುಗಿಸಿದ ಮೇಲೆ ಹೊಳೆದದ್ದು: ಇದರಲ್ಲಿ ಎಲ್ಲರ ಹೆಂಡಂದಿರಿದ್ದಾರೆ, ಮಕ್ಕಳಿದ್ದಾರೆ, ನಾಯಿಗಳಿವೆ (ಒಂದು ಲ್ಯಾಬ್ರಡಾರಿಗೆ ಸ್ವಂತ ಫೋಟೋ ಇದೆ), ಒಬ್ಬರ ಅಪ್ಪ ಅಮ್ಮನೂ ಇಲ್ಲ. ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ ನಿಜ. ನಾಯಿಗೂ ಇರಲಿಲ್ಲ.

ನ್ಯೂಜೆರ್ಸಿಯ ಗೆಳೆಯನ ಬರಹದಲ್ಲಿ ‘ಮೈಸೂರಿನಲ್ಲೂ ಒಂದು ಮನೆಯಿದೆ’ ಎಂದಿದೆ. ಅದು ಕುವೆಂಪುನಗರದಲ್ಲಿದೆ. ಆ ಮನೆಯೊಳಗೆ ಎಂಬತ್ತು ದಾಟಿದ ಅವನ ತಾಯಿ ಇದ್ದಾರೆ. ಅವರ ಮನೆಗೆ ನಾನು ಹೋದದ್ದು ನಮ್ಮ ಕೆಇಬಿ ಗೆಳೆಯನ ಸ್ಕೂಟರಿನ ಹಿಂದೆ ಕೂತು. ಕೆಇಬಿ ಎಂಬುದು 1999ರಲ್ಲೇ ಕೆಪಿಟಿಸಿಎಲ್ ಆಗಿ, ಆಮೇಲೆ ಮೈಸೂರು ಸೀಮೆಗೆ ಸೆಸ್ಕ್ ಆಗಿದೆ. ನಮಗೆ ಮಾತ್ರ ಇವನು ಈಗಲೂ ಕೆಇಬಿಯವನೇ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು. ಆ ಕ್ಯಾನು ನನ್ನ ತೊಡೆಯ ಮೇಲಿತ್ತು. ಬಾಗಿಲು ತೆಗೆದ ತಾಯಿ ಮೊದಲು ಹೇಳಿದ ಮಾತು, “ಬಾಪ್ಪಾ, ಒಳಗೆ ಬಾ. ಮೊದ್ಲು ಆ ಕಡೆ ಒಂದ್ಸಲ ಮುಖ ತೋರಿಸ್ಬಿಡು, ಇಲ್ದಿದ್ರೆ ಅವನು ಗಾಬರಿ ಆಗ್ತಾನೆ.”

ಆ ಕಡೆ ಅಂದರೆ ಶೋಕೇಸಿನ ಮೇಲೆ, ಗೌರಿ ಗಣೇಶನ ಪಕ್ಕ ಕೂರಿಸಿದ್ದ ಕ್ಯಾಮೆರಾ. ನಾವಿಬ್ಬರೂ ಅದರತ್ತ ಹಲ್ಲು ಕಿರಿದೆವು. ಕ್ಯಾಮೆರಾ ಮಾತಾಡಿತು: “ಅಮ್ಮಾ, ಯಾರದು? ಹೇಳ್ದೆ ಕೇಳ್ದೆ ಯಾಕೆ ಬಾಗ್ಲು ತೆಗ್ದೆ?”

“ನಾನು ಕಣೋ, ಕೆಇಬಿ.”

“ಓ, ನೀನಾ! ಹೇಗಿದ್ದೀಯೋ? ಬಂದಿದ್ದು ಒಳ್ಳೇದಾಯ್ತು. ಆ ಬಾತ್‌ರೂಮ್ ಪ್ಯಾಸೇಜಲ್ಲಿ ಬಲ್ಬ್ ಹೋಗಿದೆ ನೋಡು. ನಂಗೆ ಇಲ್ಲಿಂದ್ಲೇ ಕಾಣುತ್ತೆ.”

ಅವನಿರುವ ಊರಿನ ಹೆಸರು ಎಡಿಸನ್. ಬಲ್ಬಿನ ಎಡಿಸನ್ನನ ಹೆಸರನ್ನೇ ಇಟ್ಟುಕೊಂಡ ಊರು. ಅವನ ಪ್ರಯೋಗಶಾಲೆ ಇದ್ದ ಮೆನ್ಲೋ ಪಾರ್ಕ್ ಅಲ್ಲೇ ಇದೆ. ಅಲ್ಲಿ ಕೂತವನಿಗೆ ಕುವೆಂಪುನಗರದಲ್ಲಿ ಬಲ್ಬು ಹೋದದ್ದು ಕಾಣುತ್ತದೆ, ತಂತ್ರಜ್ಞಾನ ಮತ್ತು ಮಾನವೀಯತೆಯ ಸಂಗಮ ಅಂದರೆ ಇದೇ ಇರಬೇಕು. ಬಲ್ಬು ಹಾಕಲು ಸ್ಟೂಲು ಹತ್ತಬೇಕಾದವನಿಗೆ ಮಾತ್ರ ಎರಡೂ ಮಂಡಿ ಸವೆದಿವೆ. ಹತ್ತಿದ, ಹಾಕಿದ. ತಾಯಿ ಕಾಫಿ ಕೊಟ್ಟರು, ಅವನ ಮಂಡಿಗೆ ಯಾವುದೋ ಎಣ್ಣೆ ಹೇಳಿದರು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತು ಮೆಲ್ಲಗೆ ಇನ್ನೂ ಏನೇನೋ ಹೇಳಿದರು. ಕ್ಯಾಮೆರಾ ಎರಡು ಸಲ “ಏನಮ್ಮಾ? ಕೇಳಿಸ್ತಾ ಇಲ್ಲ” ಎಂದು ಕೇಳಿ ಸುಮ್ಮನಾಯಿತು.

ಇಂಥ ಮನೆಗಳು ನಮ್ಮ ಕೆಇಬಿಯ ಪಟ್ಟಿಯಲ್ಲಿ ಇನ್ನೂ ಇವೆ. ಒಂದರಲ್ಲಿ ಆಂಜಿಯೋಗ್ರಾಮಿಗೆ ಸಹಿ ಹಾಕಿದ್ದಾನೆ, ಇನ್ನೊಂದರಲ್ಲಿ ಮಗ ವಿಮಾನ ಹತ್ತಿ ಬರುವವರೆಗೆ ಶವಾಗಾರದ ಚೀಟಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾನೆ. ಬರಹ ಕೊಡು ಎಂದು ಬೆನ್ನು ಬಿದ್ದಾಗ ಅವನ ಉತ್ತರ ಒಂದೇ: “ನಂದೇನಿದೆಯೋ, ಅಲ್ಲೇ ಇದೀನಲ್ಲ.” ಸಂಚಿಕೆಯಲ್ಲಿ ಅವನ ಹೆಸರಿನ ಮುಂದೆ ‘ಇ.ಇ., ಸೆಸ್ಕ್’ ಎಂದಷ್ಟೇ ಇದೆ. ಬ್ಯಾಚಿನಲ್ಲಿ ಅವನಿಗೆ ಸಿಕ್ಕಿರುವ ಬಿರುದು ‘ಪಾಪ, ಮೈಸೂರಲ್ಲೇ ಉಳ್ಕೊಂಡ’.

ಈಗ ಆ ಹುಡುಗಿ. ನಮ್ಮ ಬ್ಯಾಚಿನ ಹುಡುಗಿಯರು ಕೈಬೆರಳೆಣಿಕೆಯಷ್ಟು. ಅವರಲ್ಲಿ ಅರ್ಧದಷ್ಟು ಹೆಸರಿನ ಮುಂದೆ ಸಂಚಿಕೆಯ ಕರಡಿನಲ್ಲಿ ‘ವಿಳಾಸ ಸಿಕ್ಕಿಲ್ಲ’ ಎಂದಿತ್ತು. ಸಿಗುವುದು ಹೇಗೆ? ಮದುವೆಯ ಲಗ್ನಪತ್ರಿಕೆಯಲ್ಲಿ ಇನಿಷಿಯಲ್ ಬದಲಾಯಿತು, ಗಂಡನ ವರ್ಗಾವಣೆಯ ಜೊತೆ ಊರು ಬದಲಾಯಿತು. ಹುಡುಗರನ್ನು ಹುಡುಕಲು ಕಂಪನಿಯ ಹೆಸರು ಸಾಕು, ಲಿಂಕ್ಡ್‌ಇನ್ ಇದೆ. ಹುಡುಗಿಯರನ್ನು ಹುಡುಕಲು ಅವರ ಗಂಡನ ಹೆಸರು ಬೇಕು, ಅದು ನಮ್ಮ ಅಂಕಪಟ್ಟಿಯಲ್ಲಿರಲಿಲ್ಲ. ಯಾರ ರೆಕಾರ್ಡನ್ನು ನೋಡಿ ನಾಲ್ಕು ವರ್ಷ ದಾಟಿದರೋ ಅವಳೇ ಬ್ಯಾಚಿನ ದಾಖಲೆಯಲ್ಲಿ ಇರಲಿಲ್ಲ. ಕೊನೆಗೆ ಪತ್ತೆ ಮಾಡಿದ್ದು ಕೆಇಬಿ. ಹಾಸನದಲ್ಲೊಂದು ಮನೆಯ ಕರೆಂಟ್ ದೂರು, ಆರ್‌.ಆರ್. ನಂಬರು ಗಂಡನ ಹೆಸರಿನಲ್ಲಿ, ದೂರಿನ ಕೆಳಗೆ ಸಹಿ ಮಾತ್ರ ಇವಳದು. ಅಕ್ಷರ ನೋಡಿಯೇ ಗುರುತು ಹಿಡಿದನಂತೆ. ಹಿಡಿಯದೆ ಏನು, ಅದನ್ನೇ ಇಳಿಸಿಕೊಂಡು ತಾನೂ ಪಾಸಾದವನು.

ಫಾರಂ ಕಳಿಸಿದೆವು. ಇಡೀ ಸಂಚಿಕೆಯಲ್ಲಿ ಪದಮಿತಿಯನ್ನು ಪಾಲಿಸಿದ ಏಕೈಕ ಬರಹ ಅವಳದು, ಕನ್ನಡದಲ್ಲಿ ಬಂದದ್ದೂ ಅದೊಂದೇ: ಪಾಲಿಟೆಕ್ನಿಕ್‌ನಲ್ಲಿ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ, ಕಾಯಂ ಮಾಡಲಿಲ್ಲ, ಬಿಟ್ಟೆ; ಅತ್ತೆಗೆ ಪಾರ್ಶ್ವವಾಯು ಆಗಿತ್ತು, ಹೋದ ವರ್ಷ ತೀರಿಕೊಂಡರು; ಈಗ ಮನೆಯಲ್ಲಿ ಪಿಯು ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ; ಊಟಕ್ಕೆ ತಲೆಗೆ ಎಷ್ಟು ಕೊಡಬೇಕು ತಿಳಿಸಿ. ಸಮಿತಿಯ ಒಬ್ಬ ಇದನ್ನು ಓದಿ “ಸ್ವಲ್ಪ ಪಾಸಿಟಿವ್ ಆಗಿ ತಿದ್ದೋಣ” ಅಂದ. ನಾನು ಮುಟ್ಟಲು ಬಿಡಲಿಲ್ಲ.

ಕಾಲೇಜಿನವರಿಗೂ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದಕ್ಕೆ ಕಾರಣ ಹೇಳಲೇಬೇಕು. ನಾವು ಓದುವಾಗ ಅದು ಮೈಸೂರು ವಿಶ್ವವಿದ್ಯಾಲಯದ ಕಾಲೇಜು. 1998ರಲ್ಲಿ ಬೆಳಗಾವಿಯ ವಿಟಿಯು ಹುಟ್ಟಿದ ಮೇಲೆ ಅದರ ಕೆಳಗೆ ಹೋಯಿತು. ಟ್ರಾನ್ಸ್‌ಕ್ರಿಪ್ಟ್ ಬೇಕೆಂದು ಹೋದ ನಮ್ಮವರನ್ನು ಆಫೀಸಿನವರು ಎರಡು ದಶಕ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಾರೆ. ಈ ಸಲ ಪ್ರಾಂಶುಪಾಲರೇ ಹಾರ ಹಿಡಿದು ಗೇಟಿಗೆ ಬಂದರು. ಕಾಲೇಜುಗಳಿಗೆ ಅಂಕ ಹಾಕುವ ನ್ಯಾಕ್ ತಂಡ ಬರುವುದಿತ್ತು. ನ್ಯಾಕ್‌ನ ಐದನೇ ಮಾನದಂಡದ ಕೊನೆಯ ಭಾಗ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ. ಎಷ್ಟು ಲಕ್ಷ ಕೊಟ್ಟರು ಎಂಬುದಕ್ಕೂ ಅಂಕವಿದೆ. ಹಾಗಾಗಿ ಬ್ಯಾನರಿನ ಮುಂದೆ ನಮ್ಮನ್ನು ನಿಲ್ಲಿಸಿ, ಮೂರು ದಿಕ್ಕಿನಿಂದ, ಜಿಯೋಟ್ಯಾಗ್ ಇರುವ ಫೋಟೋ ತೆಗೆದರು. ಬ್ಯಾನರಿನ ಮೇಲಿನ ತಾರೀಖು ಮರೆಯಾಗುತ್ತದೆಂದು ಎತ್ತರದವರನ್ನು ಕೂರಿಸಿದರು. ಅಂಗಿ ಬದಲಾಯಿಸಿಕೊಂಡು ಬಂದರೆ ಹೋದ ವರ್ಷದ ಸಭೆಯ ಫೋಟೋವನ್ನೂ ಇವತ್ತೇ ಮುಗಿಸಬಹುದಿತ್ತೆಂದು ಒಬ್ಬ ಮೇಷ್ಟರು ಹೇಳಿದ್ದು ತಮಾಷೆಗೋ ಅಲ್ಲವೋ ತಿಳಿಯಲಿಲ್ಲ.

ಕೊಡುಗೆಯ ವಿಷಯಕ್ಕೆ ಬಂದರೆ, ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ 2023ರಲ್ಲಿ 315 ಕೋಟಿ ರೂಪಾಯಿ ಕೊಟ್ಟರು. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಬೆಂಗಳೂರಿನ ಯುವಿಸಿಇ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸರ್ಕಾರದ ಬೆನ್ನು ಬಿದ್ದರು, 2021ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೂ ಸ್ವಾಯತ್ತತೆಯೂ ಬಂತು. ನಮ್ಮ ಬ್ಯಾಚು ಒಂದು ಕುಡಿಯುವ ನೀರಿನ ಫಿಲ್ಟರ್ ಕೊಟ್ಟಿದೆ. ಅದರ ಪಕ್ಕದ ಗ್ರಾನೈಟ್ ಕಲ್ಲಿನಲ್ಲಿ ದಾನಿಗಳ ಹೆಸರು, ಹುದ್ದೆ, ನಗರ, ದೇಶ ಕೆತ್ತಿಸಿದ್ದೇವೆ. ಫಿಲ್ಟರಿಗಿಂತ ಕಲ್ಲು ದೊಡ್ಡದು, ಕಲ್ಲಿಗೇ ಖರ್ಚೂ ಹೆಚ್ಚು. ಫಿಲ್ಟರ್ ಕೆಟ್ಟರೆ ಯಾರಿಗೆ ಹೇಳಬೇಕೆಂದು ಕಲ್ಲಿನಲ್ಲಿಲ್ಲ, ಆದರೆ ಕಾಲೇಜಿನ ಜವಾನನಿಗೆ ಕೆಇಬಿಯ ನಂಬರು ಕೊಟ್ಟಾಗಿದೆ.

ಸಮಾರಂಭ ಚೆನ್ನಾಗಿಯೇ ಆಯಿತು. ಬೆಳಗ್ಗೆ ವೇದಿಕೆಯ ಮೇಲೆ ಒಬ್ಬೊಬ್ಬರಿಗೆ ಎರಡು ನಿಮಿಷದಂತೆ ಪರಿಚಯ. ಸಂಚಿಕೆಯಲ್ಲಿ ಬರೆದದ್ದನ್ನೇ ಮೈಕಿನಲ್ಲಿ ಒಪ್ಪಿಸಿದರು. ನಿಜವಾದ ವರ್ತಮಾನ ಶುರುವಾದದ್ದು ಊಟದ ಸಾಲಿನಲ್ಲಿ, ಹೋಳಿಗೆಯ ಎದುರು. “ನಂಗೆ ಬೇಡ, ಶುಗರ್ರು.” “ನಿಂಗೂನಾ? ಎಷ್ಟಿದೆ?” ಆ ಒಂದು ಮಾತಿಗೆ ಕಟ್ಟೆ ಒಡೆಯಿತು. ಜೇಬುಗಳಿಂದ ಮಾತ್ರೆ ಡಬ್ಬಿಗಳು ಬಂದವು, ಸ್ಟೆಂಟುಗಳ ಲೆಕ್ಕ ಬಂತು, ಮಾತು ಬಿಟ್ಟ ಮಗಳು ಬಂದಳು, ಅಪಾರ್ಟ್‌ಮೆಂಟ್ ಕಟ್ಟದೆ ಓಡಿಹೋದ ಬಿಲ್ಡರ್ ಬಂದ, ‘ಬ್ರೇಕ್ ತಗೊಂಡಿದ್ದೀನಿ’ ಎಂದು ಬರೆದವನನ್ನು ಕಂಪನಿ ಹೇಗೆ ಒಂದು ವಿಡಿಯೋ ಕಾಲಿನಲ್ಲಿ ಮನೆಗೆ ಕಳಿಸಿತೆಂಬುದೂ ಬಂತು. ದೂರದೃಷ್ಟಿಯ ನಾಯಕ ಪಾಯಸದ ಲೋಟ ಹಿಡಿದು ಅತ್ತುಬಿಟ್ಟ. ಮೂರು ತಿಂಗಳು ತಿದ್ದಿದ ಸಂಚಿಕೆಗಿಂತ ಆ ಅರ್ಧ ಗಂಟೆಯಲ್ಲಿ ಹೆಚ್ಚು ಸುದ್ದಿಯಿತ್ತು. ಅಚ್ಚು ಹಾಕಿಸಲು ಮಾತ್ರ ಯಾರೂ ಒಪ್ಪುವುದಿಲ್ಲ.

ಇನ್ನು ಲೆಕ್ಕಪತ್ರ. ಊಟಕ್ಕೆ ತಲೆಗೆ ಒಂದೂವರೆ ಸಾವಿರ ಎಂದು ಮೊದಲೇ ತಿಳಿಸಲಾಗಿತ್ತು. ಹಾಸನದಿಂದ ಬಸ್ಸಿನಲ್ಲಿ ಬಂದವಳು ಎಲ್ಲರಿಗಿಂತ ಮೊದಲು ಕಟ್ಟಿದಳು. ತುಮಕೂರಿನವನು ಬಂದ ಕೂಡಲೇ ಕೊಟ್ಟ. ಪ್ರೊಫೆಸರು ಎರಡು ಕಂತಿನಲ್ಲಿ ಕೊಟ್ಟ. ವೈಸ್ ಪ್ರೆಸಿಡೆಂಟರ ಪೈಕಿ ಹೆಚ್ಚಿನವರದು ಇನ್ನೂ ಬಂದಿಲ್ಲ. ವಿದೇಶಿ ಪೌರರಿಂದ ದುಡ್ಡು ಪಡೆಯಲು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕಲ್ಲವೇ ಎಂದು ಕೆಲವರು ಕಾಳಜಿಯಿಂದ ವಿಚಾರಿಸಿದ್ದಾರೆ. ಎಫ್‌ಸಿಆರ್‌ಎ ದೇಣಿಗೆಗೆ. ಹೋಳಿಗೆ ದೇಣಿಗೆಯಲ್ಲ, ತಿಂದಾಗಿದೆ. ಅಡುಗೆಯವರ ಬಾಕಿಯನ್ನು ಸದ್ಯಕ್ಕೆ ಕೆಇಬಿ ತನ್ನ ಜಿಪಿಎಫ್ ಸಾಲದಿಂದ ತೀರಿಸಿದ್ದಾನೆ. ಖಾತೆ ನಂಬರು ಸಂಚಿಕೆಯ ಹಿಂಬದಿಯ ಪುಟದಲ್ಲಿದೆ, ನಿಮ್ಮ ಹುದ್ದೆಗಿಂತ ದಪ್ಪ ಅಕ್ಷರದಲ್ಲಿ. ಈ ತಿಂಗಳೊಳಗೆ ಕಟ್ಟಿಬಿಡಿ.